ಗಾಮಾನಿಗೆ ಬೈಯಬೇಕಾದ ದಿನ

ಪಾದ್ರಿ ಇಲ್ಮಾರಿಯೂ ಅವನ ಹೆಂಡತಿ ಕೆರ್ತುವೂ ಫಿನ್‌ಲ್ಯಾಂಡಿನಿಂದ ಇರಿಂಗಾದ ಗುಡ್ಡದ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳೂ ಊರಿನವರಿಗೆ ನಗುವುದಕ್ಕೆ ಬರವಿರಲಿಲ್ಲ.

ಪಾದ್ರಿ ದಾರಿಯಲ್ಲಿ ಸಿಕ್ಕವರನ್ನೆಲ್ಲ "ಹೇಗಿದ್ದೀರಿ" ಎಂದು ಕೇಳುತ್ತಿದ್ದ. ಅವರು ಮಕ್ಕಳ ಕೆಮ್ಮು ಮುಗಿಸಿ ಮೇಕೆಯ ಕಾಲುನೋವಿಗೆ ಬರುವಷ್ಟರಲ್ಲಿ ಅವನು ಇಳಿಜಾರು ದಾಟಿರುತ್ತಿದ್ದ. ಮನೆಯ ಹಿಂದೆ ಹಲಗೆಯ ಒಂದು ಗೂಡು ಕಟ್ಟಿಕೊಂಡಿದ್ದ. ಶನಿವಾರ ಬಂತೆಂದರೆ ಗಂಡಹೆಂಡಿರಿಬ್ಬರೂ ಅದರೊಳಗೆ ಕಲ್ಲು ಕಾಯಿಸಿ, ಬಾಗಿಲು ಹಾಕಿಕೊಂಡು, ಕೆಂಪಗೆ ಬೆಂದು ಹೊರಗೆ ಬರುತ್ತಿದ್ದರು. ಮೀನನ್ನು ಹೊಗೆಗೆ ಇಡುವುದನ್ನು ಊರು ಕಂಡಿತ್ತು. ತಮ್ಮನ್ನೇ ಇಟ್ಟುಕೊಳ್ಳುವವರನ್ನು ಕಂಡದ್ದು ಇದೇ ಮೊದಲು.

ಅವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಯುದಿತಾ. ಪಾದ್ರಿಯದು ಅವಸರದ ಬುದ್ಧಿ, ಆದರೆ ಒಳ್ಳೆಯ ಮನಸ್ಸು ಎಂಬುದು ಅವಳ ತೀರ್ಮಾನ. ಕೆರ್ತುವಿನ ವಿಷಯದಲ್ಲಿ ಮಾತ್ರ ಏನೂ ತೀರ್ಮಾನವಾಗಿರಲಿಲ್ಲ. ಆ ಹುಡುಗಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಆಲೂಗಡ್ಡೆ ಸುಲಿಯುತ್ತ ಮೂಲೆಯಲ್ಲಿ ಕೂತು, ಕಿವಿ ಮಾತ್ರ ತೆರೆದಿಟ್ಟುಕೊಂಡಿರುತ್ತಿದ್ದಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ನೋಡೋಣ ಎಂದು ಯುದಿತಾ ಸುಮ್ಮನಿದ್ದಳು.

ಗುರುವಾರ ಗುರುವಾರ ಗಿರಣಿಯ ಗಾಮಾ ಹಿಟ್ಟಿನ ಚೀಲ ಹೊತ್ತು ಬರುತ್ತಿದ್ದ. ಬರುವಾಗಲೇ ಅವನ ಬಾಯಿ ಮುಂದೆ, ಅವನು ಹಿಂದೆ.

"ಏ ನಾಯಿ ತಿನ್ನೋಳೇ, ಬಾಗ್ಲು ತೆಗಿ! ಇವತ್ತು ಯಾರ ಮನೆ ನಾಯಿ ಕಾಣೆಯಾಗಿದೆ?"

ಯುದಿತಾ ಸೊಂಟದ ಮೇಲೆ ಕೈಯಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಬಾರಪ್ಪಾ ಓಡಿಹೋದವ್ರ ಮೊಮ್ಮಗನೇ! ನಿಮ್ಮಜ್ಜನ ಬೆನ್ನು ನೋಡಿದ್ದೇ ನಮ್ಮಜ್ಜ, ಮುಖ ಹೇಗಿತ್ತೋ ಯಾರಿಗೂ ಗೊತ್ತಿಲ್ಲ!"

ಮೊದಲ ಸಲ ಇದನ್ನು ಕೇಳಿದಾಗ ಕೆರ್ತು ಬಾಗಿಲ ಹಿಂದೆ ಅವಿತುಕೊಂಡಿದ್ದಳು. ಪಾದ್ರಿ ಮುಂದಿನ ಭಾನುವಾರವೇ ನೆರೆಯವರನ್ನು ಪ್ರೀತಿಸುವ ಬಗ್ಗೆ ಮುಕ್ಕಾಲು ಗಂಟೆ ಬೋಧಿಸಿದ. ಗಾಮಾ ಬೇಕೆಂದೇ ಮುಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದ.

ಯುದಿತಾಳದು ಹೆಹೆ ಕುಲ, ಗಾಮಾನದು ನ್ಗೋನಿ. ಅಜ್ಜಂದಿರ ಕಾಲದಲ್ಲಿ ಎರಡೂ ಕಡೆಯವರು ಕಡಿದಾಡಿ ಸುಸ್ತಾಗಿ ರಾಜಿಯಾದರು. ಆ ರಾಜಿಯೇ ಮುಂದೆ ಗೇಲಿ ನೆಂಟಸ್ತಿಕೆಯಾಯಿತು. ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯಬಹುದು, ತಲೆಯ ಮೇಲಿನ ಟೋಪಿಯನ್ನು ಕಿತ್ತುಕೊಂಡು ಹೋಗಬಹುದು, ಸಿಟ್ಟು ಮಾಡಿಕೊಳ್ಳುವಂತಿಲ್ಲ. ಸಾವಾದ ಮನೆಗೆ ಮೊದಲು ಬರುವವರೂ ಈ ಗೇಲಿ ನೆಂಟರೇ. ಗುಂಡಿ ತೋಡುವುದು ಅವರ ಕೆಲಸ, ಒಲೆ ಹಚ್ಚುವುದು ಅವರ ಕೆಲಸ, ಅಳುವವರನ್ನು ನಗಿಸುವುದೂ ಅವರದೇ ಕೆಲಸ. ಮನೆಯವರು ಗುದ್ದಲಿ ಮುಟ್ಟುವ ಹಾಗಿಲ್ಲ.

ಮಂಗಳವಾರ ಬೆಳಿಗ್ಗೆ ಯುದಿತಾಳ ಗಂಡ ಕಿಕೋತಿ ತೀರಿಕೊಂಡ. ಎಳೆ ಬಿದಿರನ್ನು ಕೊಯ್ದು ಹೆಂಡ ಇಳಿಸಲು ಹೊರಟವನು ಅಂಗಳದಲ್ಲೇ ಕುಸಿದ. ಒಂದು ಮಾತಿಗೂ ಹೊತ್ತಿರಲಿಲ್ಲ. ಮೂವತ್ತಾರು ವರ್ಷ ದಿನವೂ ಜಗಳವಾಡಿದ ಮನುಷ್ಯ ಕೊನೆಗೆ ಒಂದು ಬೈಗುಳವನ್ನೂ ಬಿಟ್ಟುಹೋಗಲಿಲ್ಲ. ಯುದಿತಾ ಹೆಣದ ಪಕ್ಕ ಚಾಪೆಯ ಮೇಲೆ ಕಲ್ಲಿನಂತೆ ಕೂತಳು. ಸುತ್ತಲಿನ ಹೆಂಗಸರು ಎದೆ ಬಡಿದುಕೊಂಡು ಅತ್ತರು, ಅವಳಿಗೆ ಒಂದು ಹನಿಯೂ ಬರಲಿಲ್ಲ.

ಅವಳು ಕಾಯುತ್ತಿದ್ದುದು ಗಾಮಾನಿಗಾಗಿ. ಶವಪೆಟ್ಟಿಗೆ ಮುಚ್ಚುವ ಮುಂಚೆ ಗೇಲಿ ನೆಂಟ ಸತ್ತವನ ಬಟ್ಟೆ ತೊಟ್ಟು, ಸತ್ತವನಂತೆಯೇ ನಡೆದು, ಮಾತಾಡಿ, ಮನೆಯೊಳಗೆ ಬರುತ್ತಾನೆ. ಗಾಮಾ ಇದರಲ್ಲಿ ಎತ್ತಿದ ಕೈ. ಇನ್ನೊಂದು ಸಲ, ಒಂದೇ ಒಂದು ಸಲ, ಕಿಕೋತಿ ಆ ಬಾಗಿಲಲ್ಲಿ ಬಂದು ನಿಲ್ಲಲಿ ಎಂಬುದಷ್ಟೇ ಅವಳ ಆಸೆ.

ಗಾಮಾ ಬಂದ. ತನ್ನವರನ್ನು ಗುಂಡಿಗೆ ಹಚ್ಚಿ, ಕಿಕೋತಿಯ ಕಂದು ಕೋಟು ತೊಟ್ಟು, ಅವನ ಕೋಲು ಹಿಡಿದು, ಓಲಾಡುತ್ತ ಹೊಸ್ತಿಲಿಗೆ ಕಾಲಿಟ್ಟ. ಅಲ್ಲೇ ಪ್ರಾರ್ಥನೆ ಮಾಡುತ್ತಿದ್ದ ಪಾದ್ರಿ ಕಣ್ಣು ಬಿಟ್ಟ. ಅವನಿಗೆ ಕಂಡದ್ದು ಇಷ್ಟು: ಸತ್ತವನ ಕೋಟು ಕದ್ದ ಒಬ್ಬ ಕುಡುಕ, ಅದೂ ವಿಧವೆಯ ಕಣ್ಣೆದುರಿಗೇ. ಎದ್ದವನೇ ಗಾಮಾನ ಕತ್ತಿನ ಪಟ್ಟಿ ಹಿಡಿದು, ಕೋಟು ಕಿತ್ತುಕೊಂಡು, "ನಾಚಿಕೆಯಾಗುವುದಿಲ್ಲವೇ ನಿಮಗೆ?" ಎಂದು ಅಂಗಳಕ್ಕೆ ತಳ್ಳಿದ.

ಅಳುತ್ತಿದ್ದವರ ಅಳು ನಿಂತಿತು. ಗಾಮಾ ತಿರುಗಿ ಒಂದು ಮಾತೂ ಆಡಲಿಲ್ಲ. ಅವನು ಮಾತಾಡದೆ ಇದ್ದುದನ್ನು ಊರು ಅದೇ ಮೊದಲ ಸಲ ನೋಡಿತು. ಕೋಲನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ತನ್ನವರನ್ನು ಕರೆದುಕೊಂಡು, ಅಂಗಳದಾಚೆಯ ಮರದ ಕೆಳಗೆ ಹೋಗಿ ಕೂತ. ಗುಂಡಿ ಅರ್ಧಕ್ಕೇ ನಿಂತಿತು. ಬಿಸಿಲು ಏರುತ್ತಿತ್ತು.

ಯುದಿತಾಳ ಮೈದುನ ಮಲಾಕಿ ಪಾದ್ರಿಯನ್ನು ಪಕ್ಕಕ್ಕೆ ಕರೆದು ಎಲ್ಲ ಬಿಡಿಸಿ ಹೇಳಿದ. ಪಾದ್ರಿಯ ಮುಖ ಶನಿವಾರದ ಬಣ್ಣಕ್ಕೆ ತಿರುಗಿತು. ಪಾಪ, ತಪ್ಪು ಮಾಡಿದರೆ ಒಪ್ಪಿಕೊಳ್ಳುವ ಧೈರ್ಯ ಅವನಿಗಿತ್ತು. ನೇರವಾಗಿ ಮರದ ಕೆಳಗೆ ಹೋಗಿ, ಟೋಪಿ ತೆಗೆದು, ತಲೆ ತಗ್ಗಿಸಿ, "ನನ್ನನ್ನು ಕ್ಷಮಿಸಿ" ಅಂದ.

ಚಾಪೆಯ ಮೇಲಿಂದಲೇ ಬಾಗಿಲಾಚೆ ನೋಡುತ್ತಿದ್ದ ಯುದಿತಾ ಅಯ್ಯೋ ಎಂದುಕೊಂಡಳು. ಗೇಲಿ ನೆಂಟನ ಹತ್ತಿರ ಯಾರಾದರೂ ಕ್ಷಮೆ ಕೇಳುತ್ತಾರೆಯೇ? ಕ್ಷಮೆ ಕೇಳಿದರೆ ಅದು ನಿಜವಾದ ಜಗಳ ಎಂದು ಒಪ್ಪಿಕೊಂಡಂತೆ.

"ಕ್ಷಮಿಸಿದ್ದೇನೆ ಪಾದ್ರಿಗಳೇ, ದೇವರು ನಿಮಗೆ ಒಳ್ಳೇದು ಮಾಡಲಿ," ಎಂದ ಗಾಮಾ, ಅಪರಿಚಿತರ ಜೊತೆ ಮಾತಾಡುವ ಮರ್ಯಾದೆಯಲ್ಲಿ. ಕೂತಲ್ಲಿಂದ ಏಳಲಿಲ್ಲ.

ಪಾದ್ರಿ ಮುಖ ಅರಳಿಸಿಕೊಂಡು ವಾಪಸು ಬಂದ. "ಕ್ಷಮಿಸಿದರು!"

"ಮುಗೀತು ಕಥೆ," ಎಂದು ಮಲಾಕಿ ತಲೆಯ ಮೇಲೆ ಕೈ ಹೊತ್ತ.

ಯುದಿತಾಳ ಪಕ್ಕದಲ್ಲಿ ಬೆಳಗಿನಿಂದ ಕೂತಿದ್ದ ಕೆರ್ತು ಮೆಲ್ಲಗೆ ಕೇಳಿದಳು, "ಏನು ಮಾಡಬೇಕು, ಅಮ್ಮಾ?"

"ಬೈಬೇಕು ಕಣಮ್ಮಾ. ನಾನು ಚಾಪೆ ಬಿಟ್ಟು ಏಳೋ ಹಾಗಿಲ್ಲ. ಕೋಟಿಗೆ ಕೈ ಹಾಕಿದ್ದು ನಿಮ್ಮನೆಯೋರು, ನಿಮ್ಮನೆಯೋರೇ ಬೈಬೇಕು. ನಿನ್ ಗಂಡನ ಕೈಲಾಗುತ್ತಾ? ಅವ್ನು ಬೈಯೋಕೆ ಮುಂಚೆ ಪ್ರಾರ್ಥನೆ ಮಾಡ್ತಾನೆ."

ಕೆರ್ತು ಎದ್ದು, ಸೆರಗಿನಂತೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, ಅಂಗಳ ದಾಟಿದಳು. ಮರದ ಮುಂದೆ ನಿಂತು ಎರಡೂ ಕೈಯನ್ನು ಸೊಂಟದ ಮೇಲಿಟ್ಟಳು. ಯುದಿತಾ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಥೇಟ್ ಹಾಗೆಯೇ. ಅವಳ ಮಾತು ಮಾತ್ರ ಪಾಠಶಾಲೆಯದು.

"ಗಾಮಾ ಅವರೇ, ತಾವು ತಮ್ಮ ಗಿರಣಿಯ ಹಾಗೆಯೇ ಇದ್ದೀರಿ. ಸದ್ದು ಬಹಳ, ಹಿಟ್ಟು ಕಡಿಮೆ."

ಗಾಮಾನ ಕಡೆಯವರು ತಲೆಯೆತ್ತಿದರು.

"ತಮ್ಮ ಅಜ್ಜಂದಿರು ಯುದ್ಧದಿಂದ ಓಡಿದರೆಂದು ಕೇಳಿದ್ದೇನೆ," ಎಂದು ಅವಳು ಮುಂದುವರಿಸಿದಳು. "ಅವರು ಸೈನ್ಯವನ್ನು ಕಂಡಾದರೂ ಓಡಿದರು. ತಾವು ಒಬ್ಬ ಪಾದ್ರಿಯನ್ನು ಕಂಡು, ಅರ್ಧ ಗುಂಡಿಯಿಂದ ಓಡಿ ಬಂದಿದ್ದೀರಿ."

ಗಾಮಾನ ಮೀಸೆ ಅಲುಗಿತು. "ಯಾರಪ್ಪಾ ಇದು, ಬೇಯದ ಹಿಟ್ಟು ಮಾತಾಡ್ತಿರೋದು? ಶನಿವಾರ ಶನಿವಾರ ಬೇಯಿಸ್ಕೊಂಡ್ರೂ ಇನ್ನೂ ಬಿಳೀನೇ ಇದ್ದೀಯಲ್ಲೇ!"

"ಸೌದೆ ಸಾಲುತ್ತಿಲ್ಲ. ತಮ್ಮ ಕಾಲುಗಳು ಚೆನ್ನಾಗಿ ಒಣಗಿವೆ. ಈ ಶನಿವಾರಕ್ಕೆ ಕೊಡುತ್ತೀರಾ?"

ಅಂಗಳವೆಲ್ಲ ಗೊಳ್ಳೆಂದಿತು. ಮಲಾಕಿ ಗೋಡೆ ಹಿಡಿದುಕೊಂಡು ನಕ್ಕ. ಗಾಮಾನ ಕಡೆಯವರು ಮಣ್ಣಿನ ಮೇಲೆ ಹೊರಳಾಡಿದರು. ಗಾಮಾ ಎದ್ದು ಬಂದು ಪಾದ್ರಿಯ ಟೋಪಿಯನ್ನು ಕಿತ್ತು ತನ್ನ ತಲೆಗೆ ಇಟ್ಟುಕೊಂಡ. "ಇದು ದಂಡ. ನಿನ್ ಹೆಂಡ್ತಿ ಬಾಯಿಂದ ನಿನ್ನ ದೇವ್ರೇ ಕಾಪಾಡ್ಲಿ ಕಣಯ್ಯಾ!" ಪಾದ್ರಿ ಕೈಯಲ್ಲಿದ್ದ ಕೋಟನ್ನು ತಾನೇ ಚಾಚಿ, ಅವನಿಗೆ ತೊಡಿಸಿದ. ಗುದ್ದಲಿಗಳು ಮತ್ತೆ ಗುಂಡಿಗಿಳಿದವು.

ಗುಂಡಿ ಪೂರ್ತಿಯಾದ ಮೇಲೆ ಗಾಮಾ ಟೋಪಿ ತೆಗೆದಿಟ್ಟು ಬಾಗಿಲಿಗೆ ಬಂದ. ಈಗ ಅವನು ಗಾಮಾ ಆಗಿರಲಿಲ್ಲ. ಎಡಭುಜ ಇಳಿದಿತ್ತು, ಮೊಣಕಾಲು ಕಿಕೋತಿಯದರ ಹಾಗೆಯೇ ಹೊರಗೆ ವಾಲಿತ್ತು. ಹೊಸ್ತಿಲಲ್ಲಿ ನಿಂತು, ಮೂಗೆತ್ತಿ ಗಾಳಿಯನ್ನು ಮೂಸಿ, ಮುಖ ಸಿಂಡರಿಸಿದ.

"ಯುದಿತಾ! ಇವತ್ತೂ ಕಾಳೇನಾ?"

ಮೂವತ್ತಾರು ವರ್ಷ ದಿನವೂ ಕೊಟ್ಟ ಉತ್ತರ ಅವಳ ಬಾಯಿಂದ ತಾನಾಗಿಯೇ ಹೊರಬಿತ್ತು. "ಬೇಕಾದ್ರೆ ತಿನ್ನು, ಬೇಡಾಂದ್ರೆ ನಿಮ್ಮವ್ವನ ಹತ್ರ ಹೋಗು!"

ಹೆಂಗಸರು ಕಿಸಕ್ಕನೆ ನಕ್ಕರು. ಕೋಟಿನೊಳಗಿನ ಮನುಷ್ಯ ಕೋಲು ಊರಿಕೊಂಡು ಅವಳನ್ನೇ ನೋಡಿದ.

"ಹೊರಟಿದ್ದೀನಲ್ಲೇ," ಎಂದ. "ಅವ್ವನ ಪಕ್ಕದಲ್ಲೇ ತೋಡಿದಾರೆ. ಅವಳೂ ಕಾಳೇ ಬೇಯಿಸಿರ್ತಾಳೆ. ನಿನ್ನಷ್ಟು ಚೆನ್ನಾಗಲ್ಲ."

ಕಿಕೋತಿ ಬದುಕಿದ್ದಾಗ ಒಂದು ದಿನವೂ ಈ ಮಾತು ಹೇಳಿರಲಿಲ್ಲ. ಯುದಿತಾ ನಗುತ್ತಲೇ ಇದ್ದಳು, ನಗು ಯಾವಾಗ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ. ಕೆರ್ತು ಬಂದು ಅವಳನ್ನು ತಬ್ಬಿಕೊಂಡಳು. ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಪಾದ್ರಿ ಪಕ್ಕಕ್ಕೆ ಸರಿದು, ಕಿಕೋತಿಗೆ ದಾರಿ ಬಿಟ್ಟ.