ಮೊದಲ ನೆರೆಯವನು ಮರೆತ ಬಾತುಗಳು

೧

ಹೇಗೆ ಶುರು ಮಾಡುವುದು? ಸಾವಿನಿಂದ ಶುರು ಮಾಡಿದರೆ ನೀವು ಕರವಸ್ತ್ರ ಹುಡುಕುತ್ತೀರಿ, ಆಮೇಲೆ ಬಾತುಗಳು ಬಂದಾಗ ನಗುವುದಿಲ್ಲ. ಬಾತುಗಳಿಂದ ಶುರು ಮಾಡಿದರೆ ಸಾವು ಬಂದಾಗ ನಕ್ಕುಬಿಡುತ್ತೀರಿ. ಹಾಗಾಗಿ ಮಣ್ಣು ಮಾಡಿ ಬಂದ ಮರುದಿನದ ಬೆಳಗಿನಿಂದ ಶುರು ಮಾಡುತ್ತೇನೆ.

ಮೈಲಿಸ್ ಎದ್ದಳು. ಕಾಫಿ ಮಾಡಿದಳು. ನೈಋತ್ಯ ಫ್ರಾನ್ಸಿನ ಗ್ಯಾಸ್ಕನಿಯ ಫೆಬ್ರವರಿ ಕಿಟಕಿಯ ಹೊರಗೆ ಎಂದಿನಂತೆ ಬೂದಿಬಣ್ಣದಲ್ಲಿ ನಿಂತಿತ್ತು. ಗಂಡ ಗಿಲ್ಯೆಮ್ ಮಂಜುಗಟ್ಟಿದ ತಿರುವಿನಲ್ಲಿ ಟ್ರ್ಯಾಕ್ಟರ್ ಮಗುಚಿ ಸತ್ತಿದ್ದ. ಅವಳಿಗೆ ಅಳು ಬಂದಿರಲಿಲ್ಲ. ಕಾಲಿಗೆ ಹಿಡಿಯುವ ಜುಮ್ಮು ಇಡೀ ಮೈಗೆ ಹಿಡಿದಂತಿತ್ತು.

(ಈ ವಾಕ್ಯ ಮೈಲಿಸ್‌ಗೆ ಹಿಡಿಸಿಲ್ಲ. ತುಲೂಸಿನಲ್ಲಿ ತತ್ತ್ವಶಾಸ್ತ್ರ ಓದಿದವಳು, ಉಪಮೆ ಕಂಡರೆ ಆಗದು. "ಏನೂ ಅನ್ನಿಸಲಿಲ್ಲ ಅಂತ ಬರೀರಿ, ಸಾಕು" ಎನ್ನುತ್ತಾಳೆ. ಸರಿ. ಏನೂ ಅನ್ನಿಸಲಿಲ್ಲ.)

ಅತ್ತೆ ಉಗೆತ್ ಒಲೆಯ ಬಳಿ ಕೂತು, ಬಾತುಗಳನ್ನು ನೋಡಿಕೊಂಡ ನೆರೆಯವರಿಗೆ ಥ್ಯಾಂಕ್ಸ್ ಹೇಳಿ ಬಾ ಎಂದಳು. ಯಾವ ನೆರೆಯವರಿಗೆ ಎಂದು ಇವಳು ಕೇಳಿದಳು. ಯಾರೆಂದು ಉಗೆತ್‌ಗೂ ಗೊತ್ತಿರಲಿಲ್ಲ.

೨

ಇಲ್ಲೊಂದು ರಿವಾಜಿದೆ. ಸಾವಾದ ಮನೆಯವರು ಯಾವ ಕೆಲಸಕ್ಕೂ ಕೈ ಹಾಕಕೂಡದು. ಪಾದ್ರಿಗೆ ಹೇಳುವುದು, ಒಲೆ ಹಚ್ಚುವುದು, ದನ, ಕೋಳಿ, ಬಾತು, ಎಲ್ಲವೂ ಮೊದಲ ನೆರೆಯವನ ಪಾಲು. ಮೊದಲ ನೆರೆಯವನೆಂದರೆ ಚರ್ಚಿನ ದಾರಿಯಲ್ಲಿ ಸಿಗುವ ಮೊದಲ ಮನೆಯವನು. ಅಜ್ಜಂದಿರ ಕಾಲದಿಂದ ಅದು ರೆಜಿಸ್‌ನ ಮನೆ. ಆದರೆ ಹೋದ ಬೇಸಿಗೆಯಲ್ಲಿ ನಡುವೆ ಹೊಸದೊಂದು ಮನೆ ಎದ್ದಿತು, ಉತ್ತರದ ಕಡೆಯಿಂದ ಬಂದ ಮೇಷ್ಟರು ಮತ್ತು ಅವರ ಹೆಂಡತಿಯದು. ಇನ್ನು ಮೊದಲ ನೆರೆ ಅವರೇ, ಅವರ ಹಕ್ಕಿಗೆ ಕೈ ಹಾಕಿದರೆ ಅವಮಾನ ಮಾಡಿದಂತೆ ಎಂದು ರೆಜಿಸ್ ಮರ್ಯಾದೆಯಿಂದ ಸುಮ್ಮನಾದ. ಮೇಷ್ಟರಿಗೆ ತಾವು ಮೊದಲ ನೆರೆಯವರೆಂಬುದೇ ಗೊತ್ತಿಲ್ಲ. ಅವರು ಸೇಬಿನ ಕೇಕು ತಂದುಕೊಟ್ಟು ತಲೆ ತಗ್ಗಿಸಿ ಹೋದರು.

ಶವಪೆಟ್ಟಿಗೆಗೆ ಹೆಗಲು ಕೊಡಲು ಊರೇ ಮುಂದೆ ಬಂತು. ಬಾತುಗಳ ಬಳಿಗೆ ಐದು ದಿನ ಒಬ್ಬರೂ ಹೋಗಲಿಲ್ಲ.

೩

(ಇಲ್ಲಿ ಒಂದು ಡ್ರಾಫ್ಟ್ ಹರಿದೆ. ಅದರಲ್ಲಿ ಮೈಲಿಸ್ ಕೊಟ್ಟಿಗೆಯ ಬೀಗ ಒಡೆಯುತ್ತಾಳೆ, ಬಾತುಗಳು ಸೂರ್ಯನ ಕಡೆಗೆ ಹಾರುತ್ತವೆ. ಓದಿದವರೆಲ್ಲ ಮೆಚ್ಚಿದರು. ತೊಂದರೆಯೇನೆಂದರೆ ಈ ತಳಿ ಹಾರುವುದಿಲ್ಲ, ಆ ಕೊಟ್ಟಿಗೆಗೆ ಬೀಗವೂ ಇಲ್ಲ.)

ಬಲವಂತ ಮಾಘಸ್ನಾನ ಎನ್ನುತ್ತೇವಲ್ಲ, ಇಲ್ಲಿಯದು ಬಲವಂತದ ಊಟ. ಕೊನೆಯ ಎರಡು ವಾರ, ಬೆಳಿಗ್ಗೆ ಸಂಜೆ, ಬಾತಿನ ಗಂಟಲಿಗೆ ಮೆಷಿನ್ನಿನ ಕೊಳವೆ ಇಳಿಸಿ ಮುಸುಕಿನ ಜೋಳದ ಗಂಜಿ ತುಂಬುತ್ತಾರೆ. ಯಕೃತ್ತು ಹತ್ತು ಪಟ್ಟು ಊದುತ್ತದೆ. ಊದಿದ್ದು ಎದೆಯನ್ನು ಒತ್ತುತ್ತದೆ, ಬಾತು ಕೂತಲ್ಲೇ ಮೇಲುಸಿರು ಬಿಡುತ್ತದೆ. ಕೂಗಲೂ ಆಗದು. ಸಾಕುವುದು ಗಂಡುಗಳನ್ನೇ, ಗಂಡು ಬಾತಿಗಿರುವುದು ಗೊಗ್ಗರು ಪಿಸುಮಾತು. ಆ ಯಕೃತ್ತೇ ಫ್ವಾ ಗ್ರಾ. ಹಬ್ಬದ ದಿನ ಸುಟ್ಟ ಬ್ರೆಡ್ಡಿನ ಮೇಲೆ ಬರುತ್ತದೆ. ತುಂಬಿಸುವುದನ್ನು ನಿಲ್ಲಿಸಿದರೆ ಊತ ತಾನಾಗಿ ಇಳಿಯುತ್ತದೆ.

ಇಳಿಯತೊಡಗಿತ್ತು. ಮೈಲಿಸ್ ಬಾಗಿಲು ತೆಗೆದಾಗ ಮೇಲುಸಿರು ಕೇಳಲಿಲ್ಲ. ಬಾತುಗಳು ಎದ್ದು ನಿಂತಿದ್ದವು, ಹಸಿದಿದ್ದವು, ಅವಳನ್ನು ಕತ್ತು ಓರೆ ಮಾಡಿ ನೋಡಿದವು. ಅವಳು ನೆಲಕ್ಕೆ ಒಂದು ಬೊಗಸೆ ಜೋಳ ಎರಚಿದಳು. ಒಂದು ಬಾತು ಕಾಳನ್ನು ಮುಟ್ಟಿ ನೋಡಿತು, ಬಿಟ್ಟಿತು, ಮತ್ತೆ ಮುಟ್ಟಿತು, ನುಂಗಿತು. ಬಾಯಿಯಿಂದ, ತಾನೇ.

ಅವಳು ಬಾಗಿಲನ್ನು ಹಾಗೇ ಬಿಟ್ಟು ಕೆರೆಯ ಕಡೆ ನಡೆದಳು. ಅವು ಹಿಂದೆಯೇ ಹೊರಟವು, ಬೀಗರ ಊಟ ಮುಗಿಸಿದ ದೊಡ್ಡಮನುಷ್ಯರಂತೆ ಒಲೆದಾಡುತ್ತ, ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳುತ್ತ. ಮೊದಲನೆಯದು ನೀರಿಗಿಳಿದು ಮುಳುಗಲು ನೋಡಿತು. ತಲೆ ಒಳಗೆ ಹೋಯಿತು, ಹಿಂಭಾಗ ಒಪ್ಪಲಿಲ್ಲ. ಎರಡು ಕಾಲೂ ಆಕಾಶಕ್ಕೆ ಎದ್ದು ಗಾಳಿಯನ್ನು ತುಳಿದವು. ಉಳಿದವು ಅದನ್ನು ನೋಡಿ, ಅದೇ ಸರಿಯಾದ ಕ್ರಮವೆಂದುಕೊಂಡು, ಒಂದೊಂದಾಗಿ ತಲೆಕೆಳಗಾದವು.

ಮೈಲಿಸ್ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಕೊನೆಗೆ ದಂಡೆಯ ಕೆಸರಿನಲ್ಲಿ ಕೂತು.

(ಅಳು ಕೂಡ ಆಗಲೇ ಬಂತು. ಅದನ್ನು ಬರೆಯಬೇಡಿ ಎಂದಿದ್ದಾಳೆ.)

೪

ಉಗೆತ್ ಹೊರಗೆ ಬಂದಳು. ಅಷ್ಟರಲ್ಲಿ ರೆಜಿಸ್ ಕೂಡ ಓಡಿ ಬಂದ. ಮೇಷ್ಟರು ಕೇಕು ಬಿಟ್ಟು ಬೇರೇನೂ ಮಾಡಿಲ್ಲವೆಂದು ಅವನಿಗೆ ಈಗಷ್ಟೇ ತಿಳಿದಿತ್ತು, ಮುಖ ನಾಚಿಕೆಯಿಂದ ಕೆಂಪಾಗಿತ್ತು. ಏನೂ ಕೆಟ್ಟಿಲ್ಲ, ಈಗಲೇ ಒಳಗೆ ಕೂಡಿ ಸಂಜೆಯಿಂದ ಡಬಲ್ ತುಂಬಿಸಿದರೆ ಸಂತೆಯ ಹೊತ್ತಿಗೆ ಸರಿಹೋಗುತ್ತದೆ, ತಾನೇ ನಿಂತು ಮಾಡುತ್ತೇನೆ ಎಂದು ಕೊಟ್ಟಿಗೆಯಿಂದ ಮೆಷಿನ್ ಹೊರಗೆಳೆದ. ಚಕ್ರ ಕಿರುಗುಟ್ಟಿತು.

ಕೆರೆಯಲ್ಲಿದ್ದ ಬಾತುಗಳೆಲ್ಲ ಒಟ್ಟಿಗೆ ಆಚೆ ದಡಕ್ಕೆ ಹೋಗಿ ಒಂದರ ಮೇಲೊಂದು ಒತ್ತಿಕೊಂಡವು.

ಮೂವರೂ ನೋಡಿದರು.

"ಬೇಡ" ಎಂದಳು ಮೈಲಿಸ್.

"ಅವಕ್ಕೆ ನೋಯಲ್ಲ ಮಗಳೇ" ಎಂದ ರೆಜಿಸ್. "ಕಾಡುಬಾತು ಕೂಡ ವಲಸೆಗೆ ಮುಂಚೆ ಹೊಟ್ಟೆ ಬಿರಿಯೋ ಹಾಗೆ ತಿನ್ನತ್ತೆ."

"ಅದು ತಾನೇ ತಿಂದು ಹಾರಿಹೋಗತ್ತೆ. ನಮ್ಮದು ಎಲ್ಲಿಗೆ ಹೋಗತ್ತೆ ರೆಜಿಸ್, ಡಬ್ಬಿಗಾ?"

ಈಗ ಉಗೆತ್ ನನ್ನ ಕಡೆ ತಿರುಗಿದಳು, ಅಂದರೆ ಬರೆಯುತ್ತಿರುವ ನನ್ನ ಕಡೆ. "ನನ್ನನ್ನ ರಾಕ್ಷಸಿ ಮಾಡಬೇಡ. ಮೆಷಿನ್ ಬರೋಕೆ ಮುಂಚೆ ಒಂದೊಂದು ಬಾತನ್ನೂ ತೊಡೆ ಮಧ್ಯೆ ಇಟ್ಕೊಂಡು, ಕತ್ತು ಸವರಿ ಸವರಿ ತಿನ್ನಿಸಿದವಳು ನಾನು."

ರಾಕ್ಷಸಿ ಮಾಡುವುದಿಲ್ಲ ಎಂದೆ. ಅವಳು ಸೊಸೆಯ ಕಡೆ ತಿರುಗಿದಳು. ದನಿ ಸಣ್ಣದಾಗಿತ್ತು.

"ಇದು ನನ್ನ ಮಗನ ಕೊನೇ ಕೆಲಸ. ಅರ್ಧಕ್ಕೆ ಬಿಡಬೇಡ."

ಎಲ್ಲವೂ ಇಲ್ಲೇ ನಿಂತಿತ್ತು. ಬಾತು ಒಳಗೆ ಹೋದರೆ ಸತ್ತವನ ಕೆಲಸ ಪೂರ್ತಿಯಾಗುತ್ತದೆ. ಹೊರಗೆ ಉಳಿದರೆ, ಅವನು ಮಾಡಿದ್ದು ತಪ್ಪು ಎಂದು ಅವನ ಹೆಂಡತಿಯೇ ಊರ ಮುಂದೆ ಹೇಳಿದಂತಾಗುತ್ತದೆ, ಗೋರಿಯ ಮಣ್ಣು ಹಸಿಯಾಗಿರುವಾಗಲೇ. ನನಗೆ ಅವಳ ಬಾಯಿಗೆ ದೊಡ್ಡ ಭಾಷಣ ಕೊಡುವ ಆಸೆಯಿತ್ತು. ಬರೆದೂ ಇದ್ದೆ. ಅವಳು ಅದನ್ನು ಪಕ್ಕಕ್ಕಿಟ್ಟಳು.

"ಅತ್ತೆ, ಕೆಲಸ ಮಾಡುವಾಗ ಅವನು ರೇಡಿಯೋದಲ್ಲಿ ರಗ್ಬಿ ಕಾಮೆಂಟರಿ ಅಷ್ಟು ಜೋರಾಗಿ ಹಾಕ್ತಿದ್ನಲ್ಲ. ಯಾಕೆ?"

ಉಗೆತ್ ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಅವನಿಗೆ ರಗ್ಬಿ ಇಷ್ಟ ಇರಲಿಲ್ಲ. ಅವು ಉಸಿರಾಡೋದು ಕಿವಿಗೆ ಬೀಳಬಾರದು ಅಂತ ಹಾಕ್ತಿದ್ದ. ಇದು ಕ್ರೌರ್ಯ ಅತ್ತೆ. ಅವನು ಮಾಡಿದ, ನಾನು ಜೋಳ ಕುದಿಸಿಕೊಟ್ಟೆ. ಅವನು ಒಳ್ಳೆಯವನೇ. ಆದರೂ ಇದು ಕ್ರೌರ್ಯವೇ."

ಉಗೆತ್ ಕೆರೆಯ ಕಡೆ ನೋಡಿದಳು. ಒಂದು ಬಾತು ಗುಂಪಿನಿಂದ ಬಿಡಿಸಿಕೊಂಡು ನಡುನೀರಿಗೆ ಬಂದು ಮತ್ತೆ ತಲೆಕೆಳಗಾಯಿತು. ಮುದುಕಿಯ ತುಟಿಯ ಒಂದು ಮೂಲೆ ಅದುರಿತು.

"ಎಷ್ಟು ಅಸಹ್ಯವಾಗಿ ಈಜತ್ತೆ ಮುಂಡೇದು" ಎಂದಳು. "ನಮ್ಮ ಗಿಲ್ಯೆಮ್ ಹಾಗೇ."

೫

ಈಗ ಅಂತ್ಯ. ಬೇಕಾದ್ದು ಆರಿಸಿಕೊಳ್ಳಿ.

ಕ) ಅತ್ತೆ ಸೊಸೆ ತಬ್ಬಿಕೊಳ್ಳುತ್ತಾರೆ. ("ನಾನು ಯಾರನ್ನೂ ತಬ್ಬಲ್ಲ. ಡಿಲೀಟ್ ಮಾಡು" ಎಂದಳು ಉಗೆತ್. ಮಾಡಿದೆ.)

ಖ) ರೆಜಿಸ್ ಮಾಂಸ ಬಿಟ್ಟು ಸೊಪ್ಪುಸದೆ ತಿನ್ನಲು ಶುರು ಮಾಡುತ್ತಾನೆ. (ರೆಜಿಸ್ ಇದನ್ನು ಓದಿ ನಗುತ್ತ ಕೆಮ್ಮಿದ, ಬೆನ್ನು ತಟ್ಟಬೇಕಾಯಿತು.)

ಗ) ಫ್ರಾನ್ಸ್ ದೇಶ ಫ್ವಾ ಗ್ರಾ ನಿಷೇಧಿಸುತ್ತದೆ. (ನನ್ನ ಪೆನ್ನಿಗೆ ಅಷ್ಟು ಅಧಿಕಾರ ಇದ್ದಿದ್ದರೆ ಮೊದಲು ಆ ತಿರುವಿನ ಮಂಜನ್ನು ಕರಗಿಸುತ್ತಿದ್ದೆ.)

ನಡೆದದ್ದು ಇಷ್ಟು. ಮೆಷಿನ್ ರೆಜಿಸ್‌ನದೇ, ಅವನ ಬಳಿಯಿದ್ದ ಎರಡರಲ್ಲಿ ಒಂದು. ಶರತ್ಕಾಲದಲ್ಲಿ ತಮ್ಮದು ಕೆಟ್ಟಾಗ ಗಿಲ್ಯೆಮ್ ಎರವಲು ತಂದಿದ್ದ. ರೆಜಿಸ್ ಅದನ್ನು ಅಂಗಳದಲ್ಲೇ ಬಿಟ್ಟು, ಮುಂದಿನ ವರ್ಷಕ್ಕೆ ಬೇಕಾಗುತ್ತದೆ ಇಟ್ಟುಕೋ ಎಂದು ಗೊಣಗಿ ಮನೆಗೆ ಹೋಗಿದ್ದ. ಮಧ್ಯಾಹ್ನ ಊಟಕ್ಕೆ ಜನ ಮನೆಗೆ ಮರಳುವ ಹೊತ್ತಿಗೆ ಮೈಲಿಸ್ ಅದನ್ನು ರಸ್ತೆಯ ನಟ್ಟನಡುವೆ ತಳ್ಳಿಕೊಂಡು ಹೊರಟಳು. ಬೇಕೆಂದೇ ಆ ಹೊತ್ತು. ಬೇಕರಿಯ ಬಾಗಿಲಲ್ಲಿ ನಿಂತವರು, ರಿಪೇರಿಗಾ ಎಂದು ಕೇಳಿದರು.

"ಇಲ್ಲ, ಚೆನ್ನಾಗೇ ಓಡತ್ತೆ" ಎಂದಳು. "ಅದಕ್ಕೇ ವಾಪಸ್ ಕೊಡ್ತಿದೀನಿ. ಇದನ್ನ ಯಾರ ಗಂಟಲಿಗೂ ಇಳಿಸಬಾರದು."

ಒಬ್ಬ ನಕ್ಕ. ಒಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು. ಮೇಷ್ಟರ ಹೆಂಡತಿ, ಯಾಕೆಂದು ತಿಳಿಯದಿದ್ದರೂ, ಬಂದು ಇನ್ನೊಂದು ಹಿಡಿ ಹಿಡಿದು ತಳ್ಳಿದಳು. ಮೊದಲ ನೆರೆಯವಳಲ್ಲವೇ.

ರೆಜಿಸ್ ತನ್ನ ಮನೆಯ ಬಾಗಿಲಲ್ಲೇ ಸಿಕ್ಕಿದ. ಮೆಷಿನ್ ತೆಗೆದುಕೊಂಡ, ಎರಡು ಸಲ ಒರೆಸಿದ. ಅವನ ಕೊಟ್ಟಿಗೆಯೊಳಗಿಂದ ಮೇಲುಸಿರು ಕೇಳುತ್ತಿತ್ತು, ಬಹಳ ಬಾತುಗಳದು. ಮೈಲಿಸ್ ಮನೆಗೆ ಹೋಗಲಿಲ್ಲ. ಅವನ ಹೊಸ್ತಿಲ ಮೇಲೆ ಕೂತಳು.

"ಇನ್ನೇನು?"

"ನಂದು ಮುಗೀತು. ಈಗ ನಿಮ್ಮ ಕೊಟ್ಟಿಗೆ ವಿಷಯ."

ರೆಜಿಸ್ ನನ್ನ ಕಡೆ ನೋಡಿದ. "ಕಥೆ ಇಲ್ಲಿಗೆ ಮುಗಿಯತ್ತೆ ಅಂದಿದ್ಯಲ್ಲ?" ನಾನು ಹಾಗೆ ಅಂದೇ ಇಲ್ಲ ಎಂದೆ. ಅವನು ನಿಟ್ಟುಸಿರು ಬಿಟ್ಟು ಒಳಗೆ ಹೋಗಿ ಕಾಫಿ ತಂದ, ಕೂರಲು ತನಗೂ ಒಂದು ಕುರ್ಚಿ ತಂದ. ಮೈಲಿಸ್ ಒಂದು ಗುಟುಕು ಕುಡಿದಳು, ಕಪ್ ಪಕ್ಕಕ್ಕಿಟ್ಟಳು, ಶುರು ಮಾಡಿದಳು,