ಮಗ್ಗದ ಸದ್ದಿನ ಬೈಗುಳ

ಬನಹಟ್ಟಿಯ ಆ ಓಣಿಯಲ್ಲಿ ಸಾಹುಕಾರನನ್ನು ಬೈಯಲು ಅವನು ಬೆನ್ನು ತಿರುಗಿಸುವ ತನಕ ಯಾರೂ ಕಾಯುವುದಿಲ್ಲ. ವಿದ್ಯುತ್ ಮಗ್ಗ ಓಡುತ್ತಿದ್ದರೆ ಸಾಕು. ವಾರಕ್ಕೊಮ್ಮೆ ಸಾಹುಕಾರ ಬಂದು ಸೀರೆಯ ಅಂಚು ಹಿಡಿದು ಮೂಗು ಮುರಿಯುತ್ತಾನೆ. ನೇಕಾರ ತುಕಾರಾಮ ಬಾಯಿ ತುಂಬ ನಗುತ್ತ, ಕೈ ಮುಗಿಯುತ್ತ, ಅವನ ಎದುರಿಗೇ ಅವನ ವಂಶವನ್ನೆಲ್ಲ ಜಾಲಾಡುತ್ತಾನೆ. ಆ ಗದ್ದಲದಲ್ಲಿ ಏನೂ ಕೇಳಿಸದ ಸಾಹುಕಾರ, ಹೊಗಳಿಕೆಯೆಂದೇ ತಿಳಿದು ತಲೆಯಾಡಿಸುತ್ತಾನೆ. ತುಕಾರಾಮನ ಮಗಳು ಕಾಂಚನಾ ಇದನ್ನು ನೋಡುತ್ತಲೇ ಬೆಳೆದವಳು.

ಕೊರೊನಾದ ಎರಡನೇ ವರ್ಷ. ಅವಳ ಬಿ.ಕಾಂ ಮೊಬೈಲಿನಲ್ಲೇ ಮುಗಿಯುತ್ತ ಬಂದಿತ್ತು. ನೆಟ್‌ವರ್ಕ್ ಸಿಗುತ್ತಿದ್ದದ್ದು ಮಗ್ಗದ ಖೋಲಿಯ ಕಿಟಕಿಯ ಹತ್ತಿರ ಮಾತ್ರ. ಜಮಖಂಡಿಯ ಪ್ರೊಫೆಸರ್ ಪರಮಾನಂದ ಪ್ರತಿ ಕ್ಲಾಸಿನಲ್ಲೂ ಹಾಜರಿ ಕರೆದ ಕೂಡಲೇ, "ಆ ಗಿರಣಿ ಬಂದ್ ಮಾಡ್ರಿ" ಎಂದು ಅವಳ ಮೈಕ್ ಮ್ಯೂಟ್ ಮಾಡಿಬಿಡುತ್ತಿದ್ದರು. ಇಡೀ ವರ್ಷ ಅವಳು ಒಂದೂ ಪ್ರಶ್ನೆ ಕೇಳಿರಲಿಲ್ಲ. ಈಗ ಕೊನೆಯ ಮೌಖಿಕ ಪರೀಕ್ಷೆ. ಇದರಲ್ಲಿ ಪಾಸಾಗದಿದ್ದರೆ ಡಿಗ್ರಿಯೇ ಇಲ್ಲ.

ಸಾವಳಗಿಯ ಗೆಳೆಯ ಸಂಜು ಫೋನಿನಲ್ಲಿ ಗದ್ದಲ ತೆಗೆಯುವ ಸೆಟ್ಟಿಂಗ್ ಒಂದನ್ನು ಹೇಳಿಕೊಟ್ಟಿದ್ದ. ಅವಳು ಹಾಕಿದಳು. ಆದರೂ ನಂಬಿಕೆ ಸಾಲದೆ ಪಕ್ಕದ ಮನೆಯ ಗೂಳಪ್ಪನ ಬಳಿ ಹೋದಳು.

"ಕಾಕಾ, ಹತ್ತ ನಿಮಿಷ ಮಗ್ಗ ನಿಲ್ಲಸ್ರಿ. ಪರೀಕ್ಷಾ ಐತಿ."

"ನಿನ್ನ ಪರೀಕ್ಷಾಕ್ಕ ನನ್ನ ಮಗ್ಗ ಯಾಕ ಉಪಾಸ ಕುಂಡ್ರಬೇಕು? ಮನ್ಯಾಗ ಕುಂತ ಕಲಿಯೂ ಸಾಲಿ, ಅದಕ್ಕೊಂದು ಪರೀಕ್ಷಾ ಬ್ಯಾರೆ!"

ತುಕಾರಾಮ ತನ್ನ ಎರಡು ಮಗ್ಗ ನಿಲ್ಲಿಸಿದ. ಗೋಡೆಯಾಚೆ ಗೂಳಪ್ಪನ ನಾಲ್ಕು ಮಗ್ಗಗಳು ಹಟಕ್ಕೆ ಬಿದ್ದು ಬಡಿಯುತ್ತಿದ್ದವು. ಕಾಂಚನಾಳ ಕಿವಿಗೆ ಗದ್ದಲ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಸಂಜುವಿನ ಸೆಟ್ಟಿಂಗ್ ಕೆಲಸಕ್ಕೆ ಬಾರದ್ದೆಂದು ಅವಳು ತೀರ್ಮಾನಿಸಿದಳು.

ಪರದೆಯ ಮೇಲೆ ಪರಮಾನಂದ, ಜೊತೆಗೆ ಹೊರಗಿನ ಪರೀಕ್ಷಕರೊಬ್ಬರು. ಇಯರ್‌ಫೋನ್ ಸಿಕ್ಕಿಸಿಕೊಂಡು ಅವಳು ಗಂಟಲು ಹರಿಯುವಂತೆ ಉತ್ತರ ಹೇಳಿದಳು.

"ಒದರಬ್ಯಾಡ್ರಿ," ಎಂದರು ಪರಮಾನಂದ. ಹಾಜರಿಗೆ ಅವಳು ಓಗೊಟ್ಟಾಗಲೂ ಅವರು ದಿನಾ ಅನ್ನುತ್ತಿದ್ದ ಮಾತೇ ಅದು. ಆಮೇಲೆ ಅವಳ ವರದಿ ಎತ್ತಿ ಹಿಡಿದರು. ನೇಕಾರರ ಕೂಲಿಯ ಬಗ್ಗೆ ಎರಡು ತಿಂಗಳು ಮನೆ ಮನೆ ತಿರುಗಿ ಬರೆದದ್ದು. "ಇದನ್ನ ಯಾರ ಬರದಾರ? ನಿಮ್ಮಪ್ಪ ಮಗ್ಗ ಹೊಡ್ಯೂದ ಬಿಟ್ಟು ಬರದ ಕೊಟ್ಟನೇನು?"

ಕಾಂಚನಾ ಬಾಯಿ ತುಂಬ ನಕ್ಕಳು. ಓಣಿಯ ನಗು ಅದು. ಗದ್ದಲದಲ್ಲಿ ಮುಳುಗಿಹೋಗುವಷ್ಟೇ ದನಿಯಲ್ಲಿ, ನಗುತ್ತಲೇ ಅಂದಳು: "ಹೇತಲಾಂಡಿ, ಇನ್ನೊಮ್ಮೆ ನಮ್ಮಪ್ಪನ ಸುದ್ದಿಗೆ ಬಂದಿ ಅಂದ್ರ ಹಲ್ಲ ಉದರಸ್ತೇನಿ."

ಹೊರಗಿನ ಪರೀಕ್ಷಕರು ಕನ್ನಡಕ ತೆಗೆದರು. ಪರಮಾನಂದರ ಮುಖ ಕಪ್ಪಿಟ್ಟಿತು.

"ಇವತ್ತ ನಿಮ್ಮ ಕಡೆ ಗದ್ದಲ ಒಂಚೂರೂ ಇಲ್ಲ," ಎಂದರು ಪರಮಾನಂದ ನಿಧಾನವಾಗಿ. "ಎಲ್ಲಾ ಸ್ವಚ್ಛ ಕೇಳಿಸ್ತು. ಕೈ ಮುಗದು ತಪ್ಪಾತ್ರಿ ಅನ್ರಿ. ಇಲ್ಲಾಂದ್ರ, ಈಗ ಅಂದದ್ದನ್ನ ಇನ್ನೊಮ್ಮೆ ಅನ್ರಿ."

ಅವಳು ಕೈ ಮುಗಿಯಬೇಕೆಂದೇ ಎತ್ತಿದಳು ಕೂಡ. ಅಷ್ಟರಲ್ಲಿ ಖೋಲಿಯ ಬಾಗಿಲಲ್ಲಿ ನಿಂತಿದ್ದ ತುಕಾರಾಮ ಕಂಡ. ಆ ಗದ್ದಲದಲ್ಲಿ ಅವನಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಸರ್ ಏನೋ ಅನ್ನುತ್ತಿದ್ದಾರೆಂದು ಮೊಬೈಲಿನ ಕಡೆ ಕೈ ಮುಗಿದು ನಗುತ್ತಿದ್ದ, ಥೇಟ್ ಸಾಹುಕಾರನ ಮುಂದೆ ನಗುವ ಹಾಗೆ. ಆ ನಗು ಕಂಡು ಅವಳ ಮೈಯೆಲ್ಲ ಉರಿಯಿತು. ಕೈ ಕೆಳಗಿಳಿಸಿದಳು. ಅದೇ ಮಾತನ್ನು, ಈ ಸಲ ನಗದೆ, ಒಂದಕ್ಷರ ಬಿಡದೆ ಮತ್ತೊಮ್ಮೆ ಅಂದಳು. ಪರದೆ ಖಾಲಿಯಾಯಿತು.

ತುಕಾರಾಮ ಹತ್ತಿರ ಬಂದು ಅವಳ ಕಿವಿಯಲ್ಲಿ ಕೂಗಿದ: "ಏನಂದ್ರವ್ವಾ ಸರ್?"

"ಇವತ್ತ ನನ್ನ ಮಾತು ಸ್ವಚ್ಛ ಕೇಳಿಸ್ತಂತಪಾ."

"ಛಲೋ ಆತು ಬಿಡು!" ಎಂದು ಅವನು ಖುಷಿಯಿಂದ ತನ್ನ ಎರಡೂ ಮಗ್ಗ ಚಾಲೂ ಮಾಡಿದ. ಕಾಂಚನಾ ಕಿಟಕಿಯ ಕಡೆ ಮುಖ ಮಾಡಿ ಗಟ್ಟಿಯಾಗಿ ಅತ್ತಳು. ಯಾರಿಗೂ ಕೇಳಿಸಲಿಲ್ಲ.