ಮುಂದಿನ ತಿಂಗಳ ಚಿತ್ರ

ಫ್ಯಾನಿನ ಗಾಳಿಗೆ ಹಾಳೆಯ ಕೆಳಮೂಲೆ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ, ಅಂಗೈಯಿಂದ ಒತ್ತಿ ಹಿಡಿಯುತ್ತೇನೆ — ನೂರಾ ಹನ್ನೆರಡನೆಯ ಪುಟ, ಕೂಸು ಸಾಯುವ ಪುಟ, ನನ್ನ ಮೂರನೆಯ ಕಾದಂಬರಿಯ ಪ್ರೂಫು, ಸಂಜೆ ಐದಕ್ಕೆ ಗಂಗಾವತಿಯ ಪ್ರೆಸ್ಸಿಗೆ ಮುಟ್ಟಬೇಕು, ತಂಗಿಗೆ ಓದಿ ಹೇಳದೆ ಕೊಡಲಾರೆ ಎಂದು ಬೆಳಗಿನ ಬಸ್ಸಿಗೆ ನವಲಿಗೆ ಬಂದೆ, ಬಂದು ಓದಿದೆ, ಈಗ ಪಕೀರಮ್ಮ ಚಹಾ ಇಡಲು ಒಳಗೆ ಹೋಗಿದ್ದಾಳೆ, ಸಕ್ಕರೆ ಡಬ್ಬಿಯ ಸದ್ದು ಕೇಳುತ್ತಿದೆ. ಸತ್ತದ್ದು ಅವಳದೇ ಕೂಸು, ಶ್ವೇತಾ, ಇಪ್ಪತ್ತು ವರ್ಷವಾಯಿತು, ನಾನು ಹೆಸರಷ್ಟೇ ಬದಲಿಸಿದ್ದೇನೆ. ಪಕೀರಿ ಅಕ್ಷರ ಬಾರದವಳು, ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೇಳಿಸಿಕೊಂಡಳು, ಮುಗಿದ ಮೇಲೆ ಮೊದಲು ಇದನ್ನೇ ಕೇಳಿದಳು, ಅಕ್ಕ, ನಮ್ಮ ಹಳೀ ಮನ್ಯಾಗ ಕಿಟಕಿ ಎಲ್ಲಿತ್ತು?

ಕಿಟಕಿ. ಇರಲಿಲ್ಲ. ಭತ್ತದ ಚೀಲ ಒಟ್ಟಿದ ಕೋಣೆ, ಒಂದೇ ಬಾಗಿಲು, ಮೂಲೆಯಲ್ಲಿ ಕೌದಿ, ಕೌದಿಯ ಮೇಲೆ ಜ್ವರದ ಕೂಸು. ಪುಟದಲ್ಲಿರುವ ಈ ಕಿಟಕಿ ನನಗೆ ಅಕ್ಬರ ಮಾಸ್ತರರ ಬಾಯಿಂದ ಬಂದದ್ದು — ಏಳನೆಯ ಇಯತ್ತೆಗೆ ಓದು ಬಿಟ್ಟವಳು ನಾನು, ಶಾಲೆಯಲ್ಲಿ ಬಿಸಿಯೂಟದ ಅಡಿಗೆಯವಳು, ಮಕ್ಕಳು ಉಂಡೆದ್ದ ಮೇಲೆ ನಾನು ಪಾತ್ರೆ ತಿಕ್ಕುತ್ತಿದ್ದರೆ ಅವರು ಅಕ್ಕಿ ಚೀಲದ ಮೇಲೆ ಕುಳಿತು ವಿಕ್ಟೋರಿಯಾ ರಾಣಿಯ ಕಾಲದ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ಕನ್ನಡ ಮಾಡಿ ಹೇಳುವರು, ಮಂಜು, ಹೊಗೆ, ಕುದುರೆ ಗಾಡಿ, ಅನಾಥ ಮಕ್ಕಳು, ಕಳೆದುಹೋದ ಮೃತ್ಯುಪತ್ರ, ನನ್ನ ಕೈಯಲ್ಲಿ ಬೂದಿ ಹತ್ತಿದ ಬೋಗುಣಿ ಹಾಗೇ ನಿಲ್ಲುತ್ತಿತ್ತು, ಆಮ್ಯಾಲೇನಾತ್ರಿ ಮಾಸ್ತರ? ನಾಳೆ ಹೇಳ್ತೀನಿ ದುರಗಮ್ಮ, ನಿನ್ನ ಸಾರು ಛಲೋ ಆದ್ರ. ಒಡೆಯನಿಗೂ ಪುಟ, ಅವನ ಅಡಿಗೆಯವಳಿಗೂ ಪುಟ, ಯಾರನ್ನೂ ಬರಿಗೈಲಿ ಕಳಿಸದ ಆ ಪುಸ್ತಕಗಳ ದೊಡ್ಡ ಮನಸ್ಸು ಕಂಡೇ ನಾನು ಪೆನ್ನು ಹಿಡಿದದ್ದು, ಅದೇ ಅಕ್ಕಿ ಚೀಲದ ಮೇಲೆ ಕುಳಿತು, ಬೇಳೆ ಕುದಿಯುವಷ್ಟು ಹೊತ್ತಿನಲ್ಲಿ ಬರೆದಷ್ಟೇ ಬರವಣಿಗೆ. ಆ ಕಾದಂಬರಿಗಳಲ್ಲಿ ಕೂಸು ಸಾಯುವ ಮುನ್ನ ಯಾರೋ ಕಿಟಕಿ ತೆರೆಯುತ್ತಾರೆ, ಬೆಳಕು ಬರುತ್ತದೆ, ಕೂಸು ನಗುತ್ತದೆ, ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ನನ್ನ ಈ ಪುಟಕ್ಕೂ ತೆಗೆದರು, ಭೇಷ್ ಬೇಟಿ, ನೀ ಆ ರಾಣಿ ಕಾಲದಾಗ ಹುಟ್ಟಬೇಕಿತ್ತು ನೋಡು ಅಂದರು, ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ, ಓದಿದವರನ್ನು ಅಳಿಸಿದೆ ಎಂದು.

ಇನ್ನೂರು ಮಕ್ಕಳಿಗೆ ಸಾರು ಮಾಡಿದವಳು ನಾನು, ಉಪ್ಪು ಮರೆತ ಸಾರಿಗೆ ಬೆಲ್ಲ ಹಾಕಿ ಮುಚ್ಚಲು ಬರುವುದಿಲ್ಲ, ಮೊದಲ ತುತ್ತಿಗೇ ಮಕ್ಕಳ ಮುಖ ಹೇಳುತ್ತದೆ, ಪಕೀರಿಯ ಮುಖ ಹಾಗೇ ಆಯಿತು, ಚಹಾಕ್ಕೆ ಏಳುವ ಮುನ್ನ ಅಂದಳು — ಕಿಟಕಿ ಅಂದೆಲ್ಲ ಅಕ್ಕ, ಅಲ್ಲಿ ಕ್ಯಾಲೆಂಡರ್ ಇತ್ತು, ಅಕ್ಕಿ ಅಂಗಡಿದು, ಆಕಿ ಅದನ್ನ ನೋಡಕೊಂತ ಮಲಗಿದ್ಲು, ನಾ ಹುಲಿಗೆಮ್ಮಗ ಹರಕಿ ಹೊತ್ತು ಬರೂದ್ರಾಗ ಹೋಗೇ ಬಿಟ್ಲು, ಏನ್ ನೋಡತಿದ್ಲೋ, ಇವತ್ತಿಗೂ ತಿಳದಿಲ್ಲ ನನಗ, ಆಮ್ಯಾಲ ಆ ಕ್ಯಾಲೆಂಡರೂ ಎಲ್ಲಿ ಹೋತೋ. ನನಗೆ ತಿಳಿದಿದೆ. ಅಂದು ಕೂಸಿನ ಹತ್ತಿರ ಕುಳಿತವಳು ನಾನು, ಮೂರು ದಿನ ನಿದ್ದೆ ಇಲ್ಲ, ತಲೆ ಸಿಡಿಯುತ್ತಿತ್ತು, ಕೂಸು ಕೈ ಚಾಚಿ ಕ್ಯಾಲೆಂಡರಿನ ಹಾಳೆಯ ಮೂಲೆಯನ್ನು ಎರಡು ಬೆರಳಿಂದ ಎತ್ತಿತು, ದೊಡ್ಡವ್ವ, ಮುಂದಿನ ತಿಂಗಳ ಚಿತ್ರ ಏನೈತಿ, ತೋರ್ಸಬೇ. ಇನ್ನೂ ನಾಕು ದಿನ ಐತಿ, ಹರದೀಗೀದಿ, ಸುಮ್ಮನ ಮಕ್ಕೋ. ಒಂದ್ಸಲ. ತಿಂಗಳು ಮುಗೀಲಿ ಅಂದ್ನೆಲ್ಲ. ಮತ್ತೆ ಎತ್ತಿತು, ನಾನು ಅಂಗೈಯಿಂದ ಒತ್ತಿ ಹಿಡಿದೆ, ಅಷ್ಟೇ, ಬೈಯಲೂ ಇಲ್ಲ ಹೊಡೆಯಲೂ ಇಲ್ಲ, ಕೂಸು ನನ್ನ ಕೈಯನ್ನೇ ನೋಡುತ್ತ ಮಲಗಿತು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಗಿಯಿತು, ಮಣ್ಣಿಗಿಟ್ಟು ಬಂದ ದಿನವೇ ಕ್ಯಾಲೆಂಡರನ್ನು ಒಲೆಗೆ ಹಾಕಿದೆ, ಕೆಳಗಿನ ಚಿತ್ರ ನಾನೂ ನೋಡಲಿಲ್ಲ.

ಇಪ್ಪತ್ತು ವರ್ಷ ಅದೇ ಗೋಡೆಗೆ ಕಿಟಕಿ ಕೊರೆಯುತ್ತ ಬಂದೆನೇನೋ, ಮೂರು ಕಾದಂಬರಿ, ಮೂರರಲ್ಲೂ ಕಿಟಕಿ. ಇರಲಿ ಬಿಡು, ಇವಳಿಗೆ ಓದಲು ಬರುವುದಿಲ್ಲ, ಮಾಸ್ತರರು ಅತ್ತಿದ್ದಾರೆ, ಪ್ರೆಸ್ಸಿನವರು ಕಾಯುತ್ತಿದ್ದಾರೆ, ಕಿಟಕಿ ಯಾರಿಗೂ ಚುಚ್ಚುವುದಿಲ್ಲ — ಆದರೆ ತಿಳದಿಲ್ಲ ನನಗ ಅಂದಳಲ್ಲ, ತಿಳಿದರೆ ಈ ಮನೆಯ ಚಹಾ ನನಗೆ ಇನ್ನೊಮ್ಮೆ ಸಿಗುತ್ತದೋ ಇಲ್ಲವೋ, ಚೀಲದಲ್ಲಿ ಪೆನ್ಸಿಲ್ ಇದೆ, ಕಿಟಕಿಯ ಮೇಲೆ ಒಂದು ಗೀಟು, ಬೆಳಕಿನ ಮೇಲೆ ಒಂದು, ನಗುವಿನ ಮೇಲೆ ಒಂದು, ಪುಟದಲ್ಲಿ ಈಗ ಉಳಿದದ್ದು ಗೋಡೆ. ಪಕೀರಿ ಎರಡು ಲೋಟ ಹಿಡಿದು ಬರುತ್ತಾಳೆ, ಎದುರಿಗೆ ಕೂರುತ್ತಾಳೆ, ತಗೋ ಅಕ್ಕ, ಆರತೈತಿ, ಯಾಕ, ಹಾಳಿ ಅಷ್ಟು ಬಿಗಿ ಹಿಡದಿ? ಪಕೀರಿ, ಆಕಿ ಏನ್ ನೋಡತಿದ್ಲಂದ್ರ — ನನ್ನ ಅಂಗೈ, ಅದೇ ಅಂಗೈ, ಅದರ ಕೆಳಗೆ ಹಾಳೆಯ ಮೂಲೆ, ಎರಡು ಸಣ್ಣ ಬೆರಳು, ಅಂಗೈ ಎತ್ತುತ್ತೇನೆ, ಮೂಲೆ ಏಳುತ್ತದೆ